ಹೂಂ ಅನ್ನುವವಳು

ಫೋನಿನಿಂದ ತನ್ನದೇ ದನಿ ಬರತೊಡಗಿದಾಗ ಕರಿಬಸಪ್ಪ ಮುತ್ಯಾ ಮೊದಲು ಮುಗುಳ್ನಕ್ಕ. ಹಾಡಿನ ಎರಡನೆಯ ಪದ ಮುಗಿದು ಮೂರನೆಯದು ಶುರುವಾಗುವಷ್ಟರಲ್ಲಿ ನಗು ಆರಿತು. ಆಮೇಲೆ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಸ್ಕಿಯ ಗುಡ್ಡದ ಬುಡದಲ್ಲಿದ್ದ ಆ ಮನೆಗೆ ಅಮೂಲ್ಯಾ ಪದ ಕೇಳಲು ಎಷ್ಟೋ ಸಲ ಬಂದಿದ್ದಳು. ಅವನನ್ನು ಬರಿತಲೆಯಲ್ಲಿ ಕಂಡದ್ದು ಅದೇ ಮೊದಲು.

"ಯಾರು ಸತ್ತಾರ, ಯವ್ವಾ?" ಅಂದ.

"ಯಾರೂ ಸತ್ತಿಲ್ಲ ಮುತ್ಯಾ. ಇದು ನೀವ ಹೇಳಿದ್ದು. ಹ್ವಾದ ಶ್ರಾವಣದಾಗ, ಇಲ್ಲೇ ಕುಂತು, ನನ್ನ ಮುಂದ."

"ದನಿ ನಂದ, ಖರೆ. ಆದ್ರ ಇದು ನಿನ್ನ ಮುಂದ ಹೇಳಿದ್ದಲ್ಲ. ಹೆಣದ ಮುಂದ ಹೇಳಿದ್ದು. ಬಂದ್ ಮಾಡು ಅದನ್ನ."

ಅಮೂಲ್ಯಾ ಬಂದ್ ಮಾಡಿದಳು. ಮುತ್ಯಾನ ಎದೆಯೊಳಗಿನ ಸುಯ್ ಎನ್ನುವ ಸದ್ದಷ್ಟೇ ಉಳಿಯಿತು. ಸುಗ್ಗಿಯ ಮಷೀನುಗಳು ಎಬ್ಬಿಸುವ ಭತ್ತದ ಧೂಳು ವರ್ಷವರ್ಷವೂ ಅವನ ಎದೆಗೆ ಇಳಿದು, ಈಚೆಗೆ ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ.

"ಒಂದು ಮಾತು ಹೇಳಿದ್ರ ಸಾಕು ಮುತ್ಯಾ. 'ಇದು ನನ್ನ ಪದ, ಈ ಹುಡುಗಿಗೆ ಕೊಟ್ಟೀನಿ' ಅಂತ. ಬರೋ ವಾರ ಲಿಂಗಸುಗೂರಾಗ ದೊಡ್ಡೋರ ಮುಂದ ಕುಂದ್ರಬೇಕು ನಾನು."

"ನನ್ನ ಪದ ನಿನಗ ಕೊಟ್ಟೀನಿ. ಇದನ್ನ ಕೊಟ್ಟಿಲ್ಲ."

"ಎರಡೂ ಒಂದ ಅಲ್ಲೇನ್ರಿ?"

"ಒಂದ ಆಗಿದ್ರ ನಾ ಯಾಕ ರುಮಾಲ ತೆಗೀತಿದ್ದೆ?"

ಚಹಾ ತಂದ ಸೊಸೆ ಅಮರಮ್ಮ ಮಾವನ ಬರಿತಲೆ ಕಂಡು ಹೊಸ್ತಿಲಲ್ಲೇ ನಿಂತಳು. "ಯಾರ ಸುದ್ದಿ ಬಂತ್ರೀ?" ಅಂದಳು ದನಿ ತಗ್ಗಿಸಿ. ಮುತ್ಯಾ ಅಮೂಲ್ಯಾಳ ಕಡೆ ಕೈ ಮಾಡಿದ. "ಈಕೀದು," ಅಂದ. ಅಂದು, ಎದ್ದು ಒಳಗೆ ಹೋಗಿ ವಿಭೂತಿಯ ಗಟ್ಟಿ ತಂದು ಅವಳ ಹಣೆಗೆ ಬೆರಳಿನಿಂದ ಒತ್ತಿ ಎಳೆದ.

ಕರಿಬಸಪ್ಪ ಹೇಳುವುದು ಎಣ್ಣಿ ಹೊತ್ತವಳ ಪದ, ತ್ರಿಪದಿಗಳಲ್ಲಿ ಹಾಡುವ ಕಥೆ; ಅದರ ಒಂದೊಂದು ತ್ರಿಪದಿಗೂ ಪದ ಅಂತಲೇ ಹೆಸರು. ಗುಡ್ಡದ ಮೇಲಿನ ಶಿವನ ದೀಪಕ್ಕೆಂದು ಒಬ್ಬ ಸೊಸೆ ಅಂಗೈಯಲ್ಲಿ ಎಣ್ಣೆ ಹಿಡಿದು ಹೊರಡುತ್ತಾಳೆ. ದಾರಿಯುದ್ದಕ್ಕೂ ಮುಳ್ಳಿನ ಗಿಡ, ಕುಂಟು ನಾಯಿ, ಬಂಡಿಯ ಅಚ್ಚು, ಕೂಸಿನ ನೆತ್ತಿ ಹನಿ ಹನಿ ಬೇಡುತ್ತವೆ. ಅವಳು ಕೊಡುತ್ತಾ ಹೋಗುತ್ತಾಳೆ.

ಅಂಗೈಯಾಗ ಎಣ್ಣೀಯ ಹಿಡಕೊಂಡು ಹೊಂಟಾಳ
ಬಂಗಾರದಂಥ ಬಿಸಲಾಗ, ಶಿವನೇ
ಕಂಗಾಲ ಹಾದಿ ಕೈಬೀಸಿ ಕರದೈತಿ

ಒಂದು ಪದ ಮುಗಿದೊಡನೆ ಎದುರಿಗೆ ಕುಳಿತವರು ಹೂಂ ಅನ್ನಬೇಕು. ಅಂದರೇ ಮುಂದಿನದು. ಜವಳಗೇರಾದ ಮನೆಗೆ ಮುತ್ಯಾ ಪದ ಹೇಳಲು ಬಂದಾಗೆಲ್ಲ ಅಜ್ಜಿ ವೀರಭದ್ರಮ್ಮನ ತೊಡೆಯ ಮೇಲೆ ಕುಳಿತು ಅಮೂಲ್ಯಾ ಹಾಗೆ ಹೂಂ ಅನ್ನುತ್ತಲೇ ಮಾತು ಕಲಿತವಳು. ಬೆಳೆದ ಮೇಲೂ ಮುತ್ಯಾನ ಮುಂದೆ ಕೂತರೆ ಅವಳಿಗರಿಯದೆ ಗಂಟಲಿನಿಂದ ಅದು ಹೊರಡುತ್ತಿತ್ತು. ಹೇಳಲು ಮಾತ್ರ ಅವಳು ಎಂದೂ ಬಾಯಿ ತೆರೆದಿರಲಿಲ್ಲ. ಹೇಳು ಎಂದು ಹೇಳುವವರೇ ಅನ್ನದ ಹೊರತು ಕೇಳುವವರು ಹೇಳುವಂತಿಲ್ಲ.

ಅಮರಮ್ಮ ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿಕೊಂಡಳು.

"ಸತ್ತವರ ಮನ್ಯಾಗ ನೀ ಈ ಪದ ಕೇಳೀಯೇನು?"

"ಇಲ್ರಿ. ಸಣ್ಣೋರನ್ನ ಕರಕೊಂಡು ಹೋಗ್ತಿದ್ದಿಲ್ಲ. ನಮ್ಮ ಅಜ್ಜಿ ಹೋದಾಗ ನಾ ಪರೀಕ್ಷಾ ಬರಿಯಾಕತ್ತಿದ್ದೆ. ಬರೂದ್ರಾಗ ಮಣ್ಣು ಮುಗದಿತ್ತು."

"ಅದಕ್ಕ ನಿನಗ ಗೊತ್ತಿಲ್ಲ. ಹೆಣ ಕುಂದ್ರಿಸಿರ್ತಾರಲ್ಲ, ಅದರ ಎದುರಿಗೆ ಮಾವ ರುಮಾಲ ತೆಗದು ಕುಂದ್ರತಾನ. ಇದ ಪದ ಹೇಳ್ತಾನ. ಯಾರೂ ಹೂಂ ಅನ್ನಂಗಿಲ್ಲ. ಕೂಸು ಅಂದ್ರ ಅದರ ಬಾಯಿ ಮ್ಯಾಲ ಕೈ ಇಡ್ತಾರ. ಹೂಂ ಅನ್ನಬೇಕಾದವ್ರು ಹೆಣ ಆಗಿ ಎದುರಿಗೆ ಕುಂತಿರ್ತಾರ, ಅನ್ನಂಗಿಲ್ಲ. ಅಷ್ಟ ಫರಕ್." ಅಮರಮ್ಮ ಅವಳ ಮುಖ ನೋಡಿದಳು. "ಈಗ ಹೇಳು, ನಿನ್ನ ಹೂಂ ಎಲ್ಲಿ ಹೋದ್ವು?"

"ನಾನ ತೆಗದೆ," ಅಂದಳು ಅಮೂಲ್ಯಾ.

ತೆಗೆದದ್ದು ಸಿಂಧನೂರಿನ ಮನೆಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನ ಮುಂದೆ. ಮಾಹಿತಿ ಕೊಡುವವನ ದನಿ ಮಾತ್ರ ಉಳಿಯಬೇಕು, ಸಂಶೋಧಕಿಯ ದನಿ ನಡುನಡುವೆ ನುಸುಳಬಾರದು ಎಂದು ಅವಳು ಪದಪದದ ಕೊನೆಯನ್ನೂ ಹುಡುಕಿ ತನ್ನ ಹೂಂಗಳನ್ನು ಕತ್ತರಿಸಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅನ್ನಿಸಿತ್ತು ಆಗ. ಕತ್ತರಿಸಿದ್ದನ್ನೇ ಹಳೆಯದರ ಮೇಲೆ ಉಳಿಸಿದ್ದಳು. ಮೂಲ ಎಲ್ಲಿಯೂ ಇರಲಿಲ್ಲ.

"ಮಾವ ಸಿಟ್ಟಾಗಿಲ್ಲ," ಅಂದಳು ಅಮರಮ್ಮ. "ಅಂಜ್ಯಾನ. ನಿನ್ನ ಸಲುವಾಗಿ."

ಲಿಂಗಸುಗೂರಿನ ಅಧ್ಯಯನ ಕೇಂದ್ರದಲ್ಲಿ ಅವಳ ಮಾರ್ಗದರ್ಶಕಿ ನಸ್ರೀನ್ ಮೇಡಂ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸತೊಡಗಿದರು. ಅಮೂಲ್ಯಾಳ ನೋಂದಣಿ ಎಂ.ಫಿಲ್‌ಗೆ. ಅದೇ ತರಗತಿಯನ್ನು ಎಲ್ಲ ಕಡೆ ಮುಚ್ಚುತ್ತಿದ್ದರು, ಅವಳದು ಕಡೆಯ ತಂಡ. ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಅವರು ಒಪ್ಪಿದರೆ ಅದೇ ನೋಂದಣಿ ಪಿಎಚ್.ಡಿ.ಗೆ ಏರುತ್ತದೆ. ಒಪ್ಪದಿದ್ದರೆ ಇನ್ನೊಮ್ಮೆ ಬರುತ್ತೇನೆಂದು ಹೇಳಲು ಬಾಗಿಲೇ ಇರುವುದಿಲ್ಲ.

"ಶುದ್ಧ ಪಾಠ ಮಾಡು ಅಂತ ಹೇಳಿದಾಕಿ ನಾನ," ಅಂದರು ಮೇಡಂ. "ಹೂಂ ತೆಗಿ ಅಂತ ಹೇಳಿದ್ದಿಲ್ಲ. ತೆಗೀಬ್ಯಾಡ ಅಂತಾನೂ ಹೇಳಲಿಲ್ಲ. ನಾನೂ ಅದನ್ನ ಕೇಳೀನಿ, ನನಗೂ ಏನೂ ಅನ್ನಿಸಲಿಲ್ಲ ನೋಡು."

"ಈಗೇನ್ ಮಾಡಲ್ರಿ ಮೇಡಂ?"

"ಮೊದಲನೇ ದಿನ ಅವರು ಒಪ್ಪಿಗೆ ಕೊಟ್ಟಿದ್ದು ರೆಕಾರ್ಡ್ ಅದ ಅಲ್ಲ?"

"ಅದು ಐತ್ರಿ. ಪದ ಹೇಳೂಕಿಂತ ಮೊದ್ಲು ಅಂದದ್ದು."

"ಸಮಿತಿಗೆ ಅಷ್ಟ ಸಾಕಾಗ್ತದ. ಯಾರೂ ಮಸ್ಕಿಗೆ ಹೋಗಿ ಮುದುಕನ್ನ ಕೇಳಂಗಿಲ್ಲ." ಮೇಡಂ ಕನ್ನಡಕ ಹಾಕಿಕೊಂಡರು. "ಇದು ನಾ ಹಿಂಗ ಮಾಡು ಅಂತ ಹೇಳೂದಲ್ಲ. ಹಿಂಗೂ ಆಗ್ತದ ಅಂತ ಹೇಳೂದು. ನಾಳೆ ಗ್ರಂಥಾಲಯದಾಗ ಅದು ನಿನ್ನ ಹೆಸರಿಲೆ ಇರತದ. ನೀ ಹ್ವಾದ ಮ್ಯಾಲೂ ಇರತದ."

"ಅವರು ಹೇಳೋ ಪ್ರಕಾರ ನಾ ಈಗಾಗ್ಲೇ ಹೋಗೀನ್ರಿ," ಅಂದಳು ಅಮೂಲ್ಯಾ. ನಗಿಸಲೆಂದು ಅಂದದ್ದು. ಮೇಡಂ ನಗಲಿಲ್ಲ.

ಮರುದಿನ ಮುಂಜಾನೆ ಅವಳು ಮತ್ತೆ ಮಸ್ಕಿಯಲ್ಲಿದ್ದಳು. ಸಿಂಧನೂರಿನ ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದಿದ್ದ ಅಪ್ಪ ಸಂಗನಬಸವ, ಬೀಜ ಗೊಬ್ಬರದ ಅಂಗಡಿಯವನು, ಬಸ್ಸಿನ ಕಿಟಕಿಯ ಕೆಳಗೆ ನಿಂತು "ಮುತ್ಯಾಗ ಜಬರ್ದಸ್ತಿ ಮಾಡಬ್ಯಾಡ" ಎಂದಷ್ಟೇ ಹೇಳಿದ್ದ.

ಮುತ್ಯಾ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ರುಮಾಲು ಸುತ್ತಿ ಕುಳಿತಿದ್ದ. ಅವಳನ್ನು ಕಾಯುತ್ತಿದ್ದ ಹಾಗಿತ್ತು.

"ಇನ್ನೊಮ್ಮೆ ಹೇಳ್ತೀರೇನು ಮುತ್ಯಾ? ಈ ಸಲ ನಾ ಏನೂ ತೆಗಿಯಂಗಿಲ್ಲ."

"ಹೇಳ್ತೀನಿ. ಕುಂದ್ರು."

ಮೊದಲ ಪದ ಹೇಳಿದ. ಅವಳು ಹೂಂ ಅಂದಳು. ಎರಡನೆಯದು ಮುಳ್ಳಿನ ಗಿಡದ್ದು. ಮೊದಲ ಸಾಲಿಗೇ ಉಸಿರು ಸಿಕ್ಕಿಕೊಂಡಿತು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಅಮರಮ್ಮ ಬಿಸಿನೀರು ತಂದು ಬೆನ್ನು ತಿಕ್ಕಿದಳು.

"ಮೊದಲೆಲ್ಲ ಸಾರಿನಾಗ ಉಪ್ಪು ಕಮ್ಮಿ ಅಂತ ಹೇಳೂದಿದ್ರೂ ಪದ ಕಟ್ಟಿ ಹೇಳ್ತಿದ್ದ ನಮ್ಮ ಮಾವ," ಅಂದಳು. "ಈಗ ಬರೇ ತಾಟು ದೂಡ್ತಾನ."

"ಈಗ್ಲೂ ಉಪ್ಪು ಕಮ್ಮೀನ ಇರತೈತಿ," ಅಂದ ಮುತ್ಯಾ, ಉಸಿರು ಬಂದ ಮೇಲೆ. ಆಮೇಲೆ ಮತ್ತೆ ಶುರು ಮಾಡಿದ. ಮತ್ತೆ ಅದೇ ಸಾಲಿನಲ್ಲಿ ನಿಂತ. ಮೂರನೆಯ ಸಲ ಬಾಯಿ ತೆರೆಯಲೇ ಇಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅಮೂಲ್ಯಾ ಫೋನನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಮುಗಿಯಿತು ಅನ್ನಿಸಿತು. ಸಮಿತಿ, ಪಿಎಚ್.ಡಿ. ಎಲ್ಲ. ಅದಕ್ಕಿಂತ ಮುಂಚೆ, ಇನ್ನು ಈ ದನಿಯನ್ನು ತಾನು ಹೀಗೆ ಎದುರು ಕೂತು ಕೇಳಲಾರೆ ಅನ್ನುವುದು ಹೊಳೆಯಿತು.

"ಅದನ್ನ ಯಾಕ ಎಳಕೊಂಡಿ?" ಅಂದ ಮುತ್ಯಾ ಕಣ್ಣು ತೆರೆಯದೆ.

"ಸಾಕು ಮುತ್ಯಾ. ನಿಮಗ ತ್ರಾಸ ಆಗಾಕತ್ತೈತಿ."

"ಹೇಳಾಕ ತ್ರಾಸ ಆಗಾಕತ್ತೈತಿ. ಹೂಂ ಅನ್ನಾಕ ಏನು ಧಾಡಿ? ಅದನ್ನ ಇತ್ತಾಗ ಸರಸು. ನೀ ಹೇಳು."

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಫೋನನ್ನು ಅವನ ಕಡೆ ಸರಿಸಿದಳು. "ನಾ ಎಂದೂ ಹೇಳಿಲ್ಲ."

"ಕೇಳೀಯಲ್ಲ. ನಿಮ್ಮ ಅಜ್ಜಿ ತೊಡಿ ಮ್ಯಾಲ ಇದ್ದಾಗಿಂದ ಕೇಳೀದಿ. ನಾ ಹೇಳು ಅಂತೀನಿ. ಹೇಳು."

ಅಮರಮ್ಮ ಎದ್ದು ಹೋಗಿ ದೇವರ ಮುಂದಿನ ದೀಪದ ಬತ್ತಿ ಮುಂದೆ ಮಾಡಿ ಬಂದಳು. ಅಮೂಲ್ಯಾ ಕಾಲು ಮಡಚಿ ಕೂತಳು. ಮೊದಲ ಪದ ಗಂಟಲಲ್ಲೇ ಗೀಚಿಕೊಂಡು ಬಂತು. ಮುತ್ಯಾ "ಹೂಂ" ಅಂದ. ಆ ಸದ್ದು ಅವಳ ಬೆನ್ನಿಗೆ ಯಾರೋ ಕೈಯಿಟ್ಟು ಮುಂದಕ್ಕೆ ನಡೆಸಿದ ಹಾಗಿತ್ತು. ಇಷ್ಟು ವರ್ಷ ತಾನು ಅವನಿಗೆ ಕೊಟ್ಟದ್ದು ಇದನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಮುಳ್ಳಿನ ಗಿಡ ಕೇಳ್ತು, ಹನಿಯೊಂದ ಕೊಡು ತಾಯಿ
ಎಳ್ಳಷ್ಟ ಸಾಕು ಬೇರೀಗೆ, ಅಂದರೆ
ಒಳ್ಳೇದು ಅಂತ ಬೆರಳನ್ನ ಬಿಚ್ಚ್ಯಾಳ

"ಹೂಂ."

ಕುಂಟು ನಾಯಿಯ ಹತ್ತಿರ ತಪ್ಪಿದಳು. ಮುತ್ಯಾ "ಹಾಂ?" ಅಂದ, ಕಿವಿ ಕೇಳದವನ ಹಾಗೆ. ಮತ್ತೆ ಹೇಳಿದಳು. "ಹೂಂ." ಬಂಡಿಯ ಅಚ್ಚು ದಾಟಿ, ಕೆರೆಯ ಏರಿ ದಾಟಿ, ಕೂಸಿನ ನೆತ್ತಿಗೆ ಬಂದಾಗ ಅವಳ ಮನಸ್ಸು ಬಯಲಾಯಿತು. ಒಂದು ಪದ ಪೂರ್ತಿ ಇಲ್ಲ.

"ಕೂಸಿಂದು ಹೆಂಗೈತ್ರಿ ಮುತ್ಯಾ?"

ಮುತ್ಯಾ ತುಟಿ ಆಡಿಸಿದ. ಸೂರು ನೋಡಿದ. "ತಡಿ... ಕೂಸು... ತೊಟ್ಟಿಲ... ಥೂ ಇದರವ್ವನ," ಅಂದ. ಅವನಿಗೂ ಬರಲಿಲ್ಲ. ಮುಖ ಸಣ್ಣದಾಯಿತು. ಹೇಳಿ ಹೇಳಿ ಸವೆದಿದ್ದ ದಾರಿಯಲ್ಲಿ ಒಂದು ಕಲ್ಲು ಕಾಣೆಯಾಗಿತ್ತು.

"ಫೋನಿನಾಗ ಐತ್ರಿ," ಅಂದಳು ಅಮೂಲ್ಯಾ ಮೆಲ್ಲಗೆ.

ಮುತ್ಯಾ ತಲೆ ಅಲ್ಲಾಡಿಸಿದ. "ಮನ್ಯಾಗ ಹಚ್ಚಬ್ಯಾಡ."

ಅವಳು ರೆಕಾರ್ಡಿಂಗ್ ತಡೆದು, ಫೋನು ತೆಗೆದುಕೊಂಡು ಹೊರಗೆ ಹೋದಳು. ಕಟ್ಟೆ ಇಳಿದು, ಗುಡ್ಡದ ಕಡೆಯ ಬಂಡೆಯ ನೆರಳಲ್ಲಿ ನಿಂತು ಕಿವಿಗೆ ಹಿಡಿದಳು. ಪದ ಮುಗಿಯುತ್ತಿತ್ತು, ಹೂಂ ಇರಬೇಕಾದಲ್ಲಿ ಏನೂ ಇರಲಿಲ್ಲ, ಮತ್ತೊಂದು ಪದ ಶುರುವಾಗುತ್ತಿತ್ತು. ಆ ಖಾಲಿಯನ್ನು ಈಗ ಅವಳೂ ಕೇಳಿದಳು. ಹೀಗೆ ಯಾರೂ ಅನ್ನದಿದ್ದರೂ ಹೇಳುತ್ತಲೇ ಹೋಗುವ ದನಿ ಎದುರಿಗಿರುವವರಿಂದ ಏನನ್ನೂ ಬೇಡುತ್ತಿರಲಿಲ್ಲ. ಹೂಂ ಹೊರಡದ ಹಾಗೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂಸಿನ ಪದ ಬರುವವರೆಗೆ ಕೇಳಿದಳು. ಬಾಯಿಪಾಠವಾಗುವವರೆಗೆ ಮತ್ತೆ ಮತ್ತೆ ಕೇಳಿ, ಅದನ್ನು ಬಂದ್ ಮಾಡಿ, ಒಳಗೆ ಬಂದು ರೆಕಾರ್ಡಿಂಗ್ ಮತ್ತೆ ಶುರು ಮಾಡಿ ಕುಳಿತಳು. ಹೇಳಿದಳು.

ಮುತ್ಯಾನ ಕಣ್ಣು ತುಂಬಿತು. "ಹೂಂ," ಅಂದ. "ಹೌದು. ಅದ. ಹೂಂ, ಹೂಂ."

ಕೊನೆಯ ಪದಕ್ಕೆ ಬಂದಾಗ ಹೊತ್ತು ನೆತ್ತಿಗೇರಿತ್ತು.

ಎಣ್ಣಿಯು ತೀರೈತಿ, ಅಂಗೈಯು ಒಣಗೈತಿ
ಕಣ್ಣೀರು ಅಲ್ಲ, ಬೆವರಲ್ಲ, ಶಿವನೇ
ಸಣ್ಣಾಗಿ ದೀಪ ಹೆಂಗ ಉರದಾವ

ಮುತ್ಯಾ ಇದಕ್ಕೆ ಬೇಗ ಹೂಂ ಅನ್ನಲಿಲ್ಲ. ಕೈ ಜೋಡಿಸಿ ಕೂತಿದ್ದು, ಆಮೇಲೆ ಅಂದ. ಫೋನು ಎಲ್ಲವನ್ನೂ ಹಿಡಿದುಕೊಂಡಿತ್ತು: ಅವಳ ತೊದಲು, ಅವನ ಸುಯ್ ಅನ್ನುವ ಉಸಿರು, ಹಾಂ, ಹೂಂ, ಹೊರಗೆ ಯಾರದೋ ಟ್ರ್ಯಾಕ್ಟರ್.

ಸಮಿತಿಯಲ್ಲಿ ಮೂವರಿದ್ದರು. ವಿಶ್ವವಿದ್ಯಾಲಯದಿಂದ ಬಂದ ಅಧ್ಯಕ್ಷರು, ಹೊರಗಿನ ವಿಷಯ ತಜ್ಞರೊಬ್ಬರು, ಪಕ್ಕದಲ್ಲಿ ನಸ್ರೀನ್ ಮೇಡಂ. ಅಮೂಲ್ಯಾ ಮೊದಲೇ ಹೇಳಿಬಿಟ್ಟಳು: ತಾನು ಕತ್ತರಿಸಿದ್ದು, ಮೂಲ ಕಳೆದದ್ದು, ಕರಿಬಸಪ್ಪ ಅದನ್ನು ತನ್ನದಲ್ಲ ಅಂದದ್ದು. ಆಮೇಲೆ ಹೊಸದನ್ನು ಹಚ್ಚಿದಳು. ಕುಂಟು ನಾಯಿಯ ಹತ್ತಿರ "ಹಾಂ?" ಬಂದಾಗ ತಜ್ಞರು ಪೆನ್ನು ಕೆಳಗಿಟ್ಟರು.

"ಹೇಳುತ್ತಿರುವುದು ಯಾರು?" ಎಂದು ಕೇಳಿದರು.

"ನಾನು ಸರ್."

"ಅಂದರೆ ಹೇಳುವವರೂ ನೀವೇ, ಬರೆದು ವಿಶ್ಲೇಷಿಸುವವರೂ ನೀವೇ. ಇದರಲ್ಲಿ ಕರಿಬಸಪ್ಪನವರು ಎಲ್ಲಿದ್ದಾರೆ?"

"ಹೂಂ ಅಂತಾರಲ್ಲ ಸರ್, ಅಲ್ಲಿ ಇದ್ದಾರ." ಅಂದಳು ಅಮೂಲ್ಯಾ. "ನಾ ಇಷ್ಟು ದಿನ ಪದ ಅಂದ್ರ ಹೇಳೋರದು ಅಂತ ತಿಳಕೊಂಡಿದ್ದೆ. ಕೇಳೋರು ಇಲ್ಲ ಅಂದ್ರ ಅದು ಬ್ಯಾರೇನ ಆಗತೈತಿ. ಅದನ್ನ ಬರೀಬೇಕಂತೀನಿ."

"ಒಬ್ಬ ಮುದುಕ, ಒಬ್ಬಳು ಹುಡುಗಿ. ಇಷ್ಟರ ಮೇಲೆ ಪಿಎಚ್.ಡಿ. ನಿಲ್ಲುವುದಿಲ್ಲ," ಅಂದರು ತಜ್ಞರು. ಕಟುವಾಗಿ ಅಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು.

ಅವಳನ್ನು ಹೊರಗೆ ಕೂಡಿಸಿದರು. ಮತ್ತೆ ಕರೆದಾಗ ಅಧ್ಯಕ್ಷರು ಎರಡು ದಾರಿ ಇಟ್ಟರು. ಕತ್ತರಿಸಿದ ಪಾಠವನ್ನೇ ಧ್ವನಿಯ ಸಮೇತ ಒಪ್ಪಿಸಿದರೆ ಎಂ.ಫಿಲ್‌ಗೆ ಸಾಕು. ಮೊದಲ ದಿನದ ಒಪ್ಪಿಗೆಯನ್ನು ಸಮಿತಿ ತೆಗೆದುಕೊಳ್ಳುತ್ತದೆ, ಪದವಿ ಕೈಯಲ್ಲಿ. ಅದು ಬೇಡವೆಂದರೆ ನೋಂದಣಿಯನ್ನು ಪಿಎಚ್.ಡಿ.ಗೆ ಏರಿಸಬಹುದು. ಆದರೆ ಆ ಧ್ವನಿ ಲೆಕ್ಕಕ್ಕಿಲ್ಲ. ಶೀರ್ಷಿಕೆ ಬದಲಾಗಬೇಕು, ಊರೂರು ತಿರುಗಿ ಕೇಳುಗರನ್ನು ಹುಡುಕಿ ಮೊದಲಿನಿಂದ ಕೆಲಸ ಮಾಡಬೇಕು. ಅದು ನಡುವೆ ಮುರಿದರೆ ಹಿಂದಿರುಗಲು ಎಂ.ಫಿಲ್ ಇರುವುದಿಲ್ಲ.

"ಇಲ್ಲೇ ಹೇಳಬೇಕು," ಅಂದರು.

ಎಂ.ಫಿಲ್ ಇದ್ದರೆ ಸಿಂಧನೂರಿನ ಕಾಲೇಜುಗಳಲ್ಲಿ ಪಾಠಕ್ಕೆ ಕರೆಯುತ್ತಿದ್ದರು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಆಗಲೇ ಹೇಳಿಯೂ ಇದ್ದ. ಅಮೂಲ್ಯಾ ಮೇಜಿನ ಮೇಲಿನ ಫೋನನ್ನು ನೋಡಿದಳು. ಆ ಧ್ವನಿ ಗ್ರಂಥಾಲಯದ ಕಪಾಟಿನಲ್ಲಿ ಕೂತು, ಯಾರೋ ಓದುವ ಹುಡುಗರು ಹಚ್ಚಿ, ಹೇಳುತ್ತಲೇ ಹೋಗುವುದನ್ನು ನೆನೆದಳು. ಅದರ ಎದುರಿಗೆ ಕೂತವಳು ತಾನು. ರುಮಾಲು ತೆಗೆದವನು ಅವನು.

"ಪಿಎಚ್.ಡಿ.ಗೇ ಹೋಗ್ತೀನಿ ಸರ್. ಆ ಧ್ವನಿ ಕೊಡಂಗಿಲ್ಲ."

ನಸ್ರೀನ್ ಮೇಡಂ ಕಾಗದದ ಮೇಲೆ ಸಹಿ ಮಾಡುವಾಗ ತಲೆ ಎತ್ತಲಿಲ್ಲ. ಬಾಗಿಲವರೆಗೆ ಬಂದು, "ಸಾಲಗುಂದಾದಾಗ ನಮ್ಮ ಪೈಕಿ ಲಾಲ್‌ಸಾಬ್ ಅಂತ ಒಬ್ಬ ಮುದುಕ ಇದ್ದಾನ," ಅಂದರು. "ಸಣ್ಣಾಂವ ಇದ್ದಾಗ ಪದ ಕೇಳಾಕ ಹೋಗ್ತಿದ್ದನಂತ. ಅವನಿಂದ ಶುರು ಮಾಡು. ಹಾದಿ ಭಾಳ ದೂರ ಅದ, ನೋಡು ಮತ್ತ."

ಸಂಜೆಗೆ ಮಸ್ಕಿಯಲ್ಲಿ ಇಳಿದಳು. ಮುತ್ಯಾ ಕಟ್ಟೆಯ ಮೇಲೆಯೇ ಇದ್ದ.

"ಪಾಸಾ?"

"ಮ್ಯಾಲಿನ ಕ್ಲಾಸಿಗೆ ಹಾಕ್ಯಾರ. ಪಾಸಾಗೂದು ಇನ್ನ ಐತಿ."

"ಕುಂದ್ರು. ಏನೇನಾತು ಹೇಳು."

ಹೇಳಿದಳು. ಮಾತುಮಾತಿಗೂ ಅವನು ಹೂಂ ಅಂದ. ಎಂ.ಫಿಲ್ ಬಿಟ್ಟದ್ದು ಹೇಳಿದಾಗ ಮಾತ್ರ "ಹಾಂ?" ಅಂದ. ಅವಳು ಇನ್ನೊಮ್ಮೆ ಹೇಳಿದಳು. ಅವನು ಅವಳನ್ನು ನೋಡಿ, "ಹೂಂ," ಅಂದ.

ಅವಳು ಫೋನು ತೆಗೆದಳು. "ಆ ಹಳೇದನ್ನ ನಿಮ್ಮ ಮುಂದ ಅಳಿಸಿಬಿಡಬೇಕಂತ ಬಂದೀನಿ ಮುತ್ಯಾ."

ಮುತ್ಯಾ ಅವಳ ಕೈ ಹಿಡಿದ. "ಅಳಿಸಬ್ಯಾಡ."

"ಮತ್ತ? ನೀವ ಅಂದ್ರಿ, ನಂದಲ್ಲ ಅಂತ."

"ಈಗ ನಂದಲ್ಲ." ಉಸಿರೆಳೆದುಕೊಂಡ. ಗುಡ್ಡದ ಮೇಲೆ ಬಿಸಿಲು ಇನ್ನೂ ಉಳಿದಿತ್ತು, ಕೆಳಗೆ ಮನೆಗಳು ನೆರಳಾಗಿದ್ದವು. "ನಾ ಎಷ್ಟೋ ಮಂದಿ ಎದುರಿಗೆ ಕುಂತು ಹೇಳೀನಿ ಯವ್ವಾ. ನನ್ನ ಹೆಣ ಕುಂದ್ರಿಸೋ ದಿನ ಹೇಳೋರು ಯಾರು ಅಂತ ಫಿಕರ್ ಇತ್ತು. ನೀ ಹೇಳಾಕ ಕಲ್ತಿ, ಖರೆ. ಆದ್ರ ಅವತ್ತು ನಿನ್ನ ಗಂಟಲ ಕಟ್ಟತೈತಿ. ಅವತ್ತು ಅದನ್ನ ಹಚ್ಚು. ಯಾರಿಗೂ ಹೂಂ ಅನ್ನಾಕ ಬಿಡಬ್ಯಾಡ. ನೀನೂ ಅನ್ನಬ್ಯಾಡ."

ಅಮೂಲ್ಯಾ ಏನೂ ಅನ್ನಲಿಲ್ಲ. ಒಳಗಿನಿಂದ ಅಮರಮ್ಮ ಒಲೆ ಊದುವುದು ಕೇಳುತ್ತಿತ್ತು.

"ಹೇಳಿದ್ದು ಕೇಳಿಸ್ತಿಲ್ಲೋ?" ಅಂದ ಮುತ್ಯಾ. ಅವಳ ಮುಖದ ಕಡೆ ಬಾಗಿ, ಕಾದ.

"ಹೂಂ," ಅಂದಳು.